ಸೊಪ್ಪು ಮೇಯುವ ಸದ್ದು

ಎರಡು ಸಲ ನನಗೆ ಬಸಿರು ನಿಲ್ಲಲಿಲ್ಲವೆಂದು ಗಂಡನ ಊರು ಕೈಲಾಂಚದಲ್ಲಿ ಅತ್ತೆ ನನ್ನನ್ನು ರೇಷ್ಮೆಹುಳದ ಮನೆಯೊಳಗೆ ಒಂದು ದಿನವೂ ಬಿಟ್ಟುಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ನಾವು ಫ್ರಾನ್ಸಿನ ಈ ಹಳ್ಳಿಗೆ ಬಂದೆವು. ಮಗಳು ಸೌಮ್ಯ ಹುಟ್ಟಿದ್ದು ಇಲ್ಲೇ.

ಕಳೆದ ಭಾನುವಾರ ಮೂವರೂ ಪಕ್ಕದೂರಿನ ಹಳೆಯ ಹುಳದ ಮನೆ ನೋಡಲು ಹೋದೆವು. ಅಲ್ಲಿ ಹುಳ ಸಾಕುವುದು ನಿಂತು ನೂರು ವರ್ಷವಾಗಿದೆಯಂತೆ. ಆದರೂ ಹೊಸ್ತಿಲಲ್ಲೇ ಹುಳ ಸೊಪ್ಪು ಮೇಯುವ ಸದ್ದು ಕೇಳಿತು, ಜಿಟಿಜಿಟಿ ಮಳೆಯ ಹಾಗೆ.

ಒಳಗೆ ಓಡಿದ್ದ ಮಗಳು ತಿರುಗಿ ನಿಂತಳು. ಐದು ವರ್ಷದ ಅವಳಿಗೆ ಕನ್ನಡ ನೆಟ್ಟಗೆ ಬಾರದು.

"ಆಚೆ ನಿಂತ್ಕಳಮ್ಮಿ. ನಿನ್ ಕೈ ಸೋಕುದ್ರೆ ಹುಳ ಸಾಯ್ತವೆ."

ಅವಳ ಬಾಯಲ್ಲಿ ಅತ್ತೆಯ ಮಾತು, ಅತ್ತೆಯದೇ ಕೀರಲು ದನಿ. ನನ್ನ ಗಂಡ ಮನೋಹರ್ ಕೈಮುಗಿದು, "ಅವ್ವಾ" ಅಂದ.

ಅವತ್ತಿನಿಂದ ಸೌಮ್ಯ ನಾನು ಕಲಸಿದ ಅನ್ನ ಮುಟ್ಟಿಲ್ಲ. ನಿನ್ನೆ ಮನೋಹರ್ ನನಗೊಂದು ಜೊತೆ ಗ್ಲೌಸ್ ತಂದುಕೊಟ್ಟ.