ಪೆನ್ಸಿಲ್ ಅಕ್ಷರದ ಹೂಗಳು

ಚಳಿಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಬೆಳಗಿನ ಹತ್ತೂವರೆ ಇರಬೇಕು. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬಿಸಿಲು ಆಗ ತಾನೇ ಮೇಜಿನ ಅಂಚು ಮುಟ್ಟಿತ್ತು. ಅವನು ಆ ಮೆಟ್ಟಿಲು ಮೊದಲ ಸಲ ಹತ್ತಿದ್ದು ಆ ಹೊತ್ತಿನಲ್ಲಿ.

ಹತ್ತಿದ ಅನ್ನೋದಕ್ಕಿಂತ ಓಡಿ ಬಂದ ಅನ್ನಬೇಕು. ಬಾಗಿಲಲ್ಲಿ ನಿಂತವನಿಗೆ ಉಸಿರು ಸಾಲುತ್ತಿರಲಿಲ್ಲ. ಕೈಯಲ್ಲಿ ಒಂದು ಕಾರ್ಡು. ಅದನ್ನು ಅಂಗೈ ಮೇಲೆ ಹಕ್ಕಿಮರಿ ಹಿಡಿದ ಹಾಗೆ ಹಿಡಿದಿದ್ದ.

"ಇದು ನೀವು ಮಾಡಿದ್ದಾ?"

ಕೋಣೆಯೊಳಗಿದ್ದವಳಿಗೆ ಖುಷಿಯೇ ಆಯಿತು. ತನ್ನ ಕೈಕೆಲಸ ಕೇಳಿಕೊಂಡು ಇಷ್ಟು ಅವಸರದಲ್ಲಿ ಇದುವರೆಗೆ ಯಾರೂ ಬಂದಿರಲಿಲ್ಲ.

"ಹೌದು. ಇದೇ ಥರದ್ದು ಬೇಕಾ? ಇನ್ನೂ ಒಂಬತ್ತು ಇದಾವೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮೆಲ್ಲಗೆ ನೆಲಕ್ಕೆ ಕೂತುಬಿಟ್ಟ.

"ಇದು ನನ್ನ ಹೆಂಡತಿ ಮಾತು," ಅಂದ. "ನೀವು ಕತ್ತರಿಸಿಬಿಟ್ಟಿದೀರಿ."

ಕಾರ್ಡು ಮಾಡಿದವಳನ್ನು ಬೀದಿಯವರೆಲ್ಲ ಚೂರಕ್ಕ ಅಂತ ಕರೆಯುತ್ತಿದ್ದರು. ಕಾಗದದ ಚೂರು, ಬಟ್ಟೆಯ ಚೂರು, ಲೇಸಿನ ತುಂಡು, ಜೋಡಿ ಕಳೆದುಕೊಂಡ ಗುಂಡಿ, ಚಾಕೊಲೇಟಿನ ಬಂಗಾರದ ಹಾಳೆ... ಜನ ಎಸೆದದ್ದೆಲ್ಲ ಅವಳ ಡಬ್ಬಿ ಸೇರುತ್ತಿತ್ತು. ಅದರಿಂದ ಹುಟ್ಟುಹಬ್ಬಕ್ಕೆ, ಮದುವೆಗೆ, ಕಾಯಿಲೆ ಬಿದ್ದವರಿಗೆ ಶುಭಾಶಯದ ಕಾರ್ಡು ಮಾಡಿ ಮಾರುತ್ತಿದ್ದಳು. ಮದುವೆಯಾಗಿ ಎರಡೇ ವರ್ಷಕ್ಕೆ ತವರಿಗೆ ವಾಪಸ್ ಬಂದವಳು. ತವರೂ ಖಾಲಿಯಾದ ಮೇಲೆ ಈ ಬಾಡಿಗೆ ಕೋಣೆ. ಕೆಳಗಿನ ಟೈಲರ್ ತಾತ ಒಬ್ಬನೇ ಅವಳಿಗೆ ನೆಂಟ, ಅವನೂ ರಕ್ತಸಂಬಂಧದವನಲ್ಲ.

ಅವಳ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಚೂರಿನ ಮೇಲೆ ಏನು ಬರೆದಿದ್ದರೂ ಓದಬಾರದು. ಓದಿದರೆ ಕೈ ನಿಲ್ಲುತ್ತದೆ. ಯಾರದೋ ಮನೆಯ ಸಾಮಾನಿನ ಪಟ್ಟಿ, ಯಾರದೋ ರಜಾ ಅರ್ಜಿ... ಎಲ್ಲದಕ್ಕೂ ಮರುಗುತ್ತ ಕೂತರೆ ಕತ್ತರಿ ಆಡೋದು ಯಾವಾಗ? ಅದಕ್ಕೇ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಕತ್ತರಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ಆಗ ಅಕ್ಷರ ಅಕ್ಷರವಾಗಿ ಕಾಣುವುದಿಲ್ಲ, ಬರೀ ಚಿತ್ತಾರ.

ಎರಡು ತಿಂಗಳ ಹಿಂದೆ ಗುಜರಿಯವನು ಒಂದು ಕಟ್ಟು ಸಣ್ಣ ಕಾಗದ ಕೊಟ್ಟಿದ್ದ. ಒಳಮೈ ತಿಳಿನೀಲಿ, ಅದರ ಮೇಲೆ ಪೆನ್ಸಿಲಿನ ಬೂದು ಗೆರೆ. ಹೂವಿನ ದಳಕ್ಕೆ ಇದಕ್ಕಿಂತ ಒಳ್ಳೆಯ ಕಾಗದ ಸಿಗದು ಅಂದುಕೊಂಡು ಅಷ್ಟನ್ನೂ ಕತ್ತರಿಸಿ ಮೂವತ್ತು ಕಾರ್ಡು ಮಾಡಿದ್ದಳು.

ಅವನು ಕನ್ನಡಕ ಮಾಡುವವನು. ಎರಡು ಬೀದಿ ಆಚೆ ಅವನ ಅಂಗಡಿ. ಗಾಜು ಬರುವ ಲಕೋಟೆ ಒಳಗೆ ತಿಳಿನೀಲಿ ಇರುತ್ತದೆ. ಹೆಂಡತಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋದಾಗ, ಆ ಲಕೋಟೆಗಳನ್ನು ಬಿಡಿಸಿ ಅವಳ ದಿಂಬಿನ ಪಕ್ಕ ಇಡುತ್ತಿದ್ದ. ಮಲಗಿಕೊಂಡು ಬರೆದರೆ ಪೆನ್ನು ಮೂಡುವುದಿಲ್ಲ, ಅದಕ್ಕೆ ಪೆನ್ಸಿಲು. ಹದಿನಾಲ್ಕು ತಿಂಗಳು ಅವಳು ಹಾಗೆಯೇ ಮಾತಾಡಿದಳು. ಆಮೇಲೆ ಹೋಗಿಬಿಟ್ಟಳು. ಚೀಟಿಗಳನ್ನು ಅವನು ಒಂದು ಡಬ್ಬಿಯಲ್ಲಿ ಹಾಕಿ, ದಿನಾ ಸಂಜೆ ಮುಂದಿಟ್ಟುಕೊಂಡು ಕೂರುತ್ತಿದ್ದ. ಇವನು ಹೀಗೇ ಕೂತರೆ ಉಳಿಯುವುದಿಲ್ಲ ಅಂತ ಹೆದರಿದ ಅವನ ಅಕ್ಕ, ಅವನಿಲ್ಲದಾಗ ಚೀಟಿಗಳನ್ನು ಹಳೇ ಪೇಪರಿನ ಜೊತೆ ಗುಜರಿಗೆ ಹಾಕಿದ್ದಳು. ಅವತ್ತಿನಿಂದ ಅಕ್ಕನ ಜೊತೆ ಅವನಿಗೆ ಮಾತಿಲ್ಲ.

ಅವತ್ತು ಬೆಳಿಗ್ಗೆ ಒಬ್ಬ ಗಿರಾಕಿ, ವಯಸ್ಸಾದ ಮೇಷ್ಟ್ರು, ಕನ್ನಡಕ ಚೆನ್ನಾಗಾಗಿದೆ ಅಂತ, ಚೂರಕ್ಕ ಮಾಡಿದ್ದು ಅಂತ ಹೇಳಿ ಒಂದು ಕಾರ್ಡು ಕೊಟ್ಟು ಹೋಗಿದ್ದರು. ಹೂವಿನ ಒಂದು ದಳದ ಮೇಲೆ 'ಉಪ್ಪು ಜಾ' ಅಂತ ಇತ್ತು. ಉಳಿದದ್ದು ಕತ್ತರಿಗೆ ಹೋಗಿತ್ತು. ಆದರೂ ಅವನಿಗೆ ಗೊತ್ತಾಯಿತು. ಅವತ್ತು ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದವನು ಅವನೇ.

ಚೂರಕ್ಕ ಒಂಬತ್ತು ಕಾರ್ಡನ್ನೂ ಅವನ ಮುಂದೆ ಇಟ್ಟಳು. ಮೈದಾ ಅಂಟು, ಒದ್ದೆ ಬಟ್ಟೆ ಇಟ್ಟರೆ ಬಿಡುತ್ತದೆ, ಪೆನ್ಸಿಲು ಅಳಿಸಿಹೋಗುವುದಿಲ್ಲ ಅಂತ ಹೇಳಿದಳು. ಉಳಿದ ಇಪ್ಪತ್ತು ಯಾರ್‍ಯಾರಿಗೆ ಹೋಗಿವೆ ಅನ್ನುವುದು ತನಗೆ ನೆನಪಿದೆ ಅಂದಳು. ಯಾರಿಗಾಗಿ ಅಂತ ಕೇಳದೆ ಅವಳು ಕಾರ್ಡು ಕೊಡುತ್ತಲೇ ಇರಲಿಲ್ಲ.

"ನಾನೇ ಹುಡುಕಿ ಕೊಡ್ತೀನಿ," ಅಂದಳು. "ಕತ್ತರಿಸಿದವಳು ನಾನಲ್ವಾ?"

ಗುರುವಾರ ಅವನ ಅಂಗಡಿಗೆ ರಜೆ. ಹಾಗಾಗಿ ಗುರುವಾರ ಗುರುವಾರ ಇಬ್ಬರೂ ಹೊರಟರು.

ಪ್ರತಿ ಮನೆಗೂ ಅವಳು ಬದಲಿಗೆ ಒಂದು ಹೊಸ ಕಾರ್ಡು ಮಾಡಿಕೊಂಡು ಹೋಗುತ್ತಿದ್ದಳು. ಕೆಲವರು ಕೇಳಿದ ಕೂಡಲೇ ಕೊಟ್ಟರು. ಬಸ್ಸಿನ ಡ್ರೈವರೊಬ್ಬ ಸ್ಟೇರಿಂಗ್ ಪಕ್ಕ ಅಂಟಿಸಿಕೊಂಡಿದ್ದನ್ನು ಕೀಳುತ್ತ, ನನ್ನ ಮಗಳು ಕೊಟ್ಟದ್ದು, ಅವಳಿಗೆ ನೀವೇ ಜವಾಬು ಹೇಳಿ ಅಂತ ಮನೆಗೇ ಕರೆದುಕೊಂಡು ಹೋದ. ಹೊಸ ಮದುವೆಯ ಹುಡುಗಿ ಮೂರು ಸಲ ಆಗಲ್ಲ ಅಂದು, ನಾಲ್ಕನೇ ಸಲ ತಾನೇ ಅತ್ತು ಕೊಟ್ಟಳು. ಒಂದು ಕಾರ್ಡು ಮಾತ್ರ ಬರಲಿಲ್ಲ. ಅದನ್ನು ಪಡೆದ ಮುದುಕ ತೀರಿಹೋಗಿದ್ದ. ಮನೆಯವರು ಅವನ ಅಂಗಿಯ ಜೇಬಿನಲ್ಲಿಟ್ಟೇ ಕಳಿಸಿಕೊಟ್ಟಿದ್ದರು.

ಆ ಗೇಟಿನ ಮುಂದೆ ಅವನು ಬಹಳ ಹೊತ್ತು ನಿಂತಿದ್ದ. "ಹೋಗಲಿ," ಅಂದ ಕೊನೆಗೆ. "ಅವರಿಗೂ ಮಾತಿಗೆ ಯಾರಾದ್ರೂ ಬೇಕಲ್ಲ."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ನಡೆಯುತ್ತ ನಡೆಯುತ್ತ ಅವನು ಹೆಂಡತಿಯ ಸುದ್ದಿ ಹೇಳುತ್ತಿದ್ದ. ಜಗಳ ಬಂದರೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದಳಂತೆ, ಅದು ಕಿರುಚಿದ ಲೆಕ್ಕ. ಅವಳು ಬರೆದದ್ದಕ್ಕೆ ಇವನೂ ಬರೆದೇ ಉತ್ತರ ಕೊಡತೊಡಗಿದನಂತೆ. ನಾಲ್ಕು ದಿನ ನೋಡಿ ಅವಳು, 'ನಿಮಗೇನಾಗಿದೆ, ಬಾಯಿ ಇಲ್ವಾ?' ಅಂತ ಬರೆದಳಂತೆ. ಅದನ್ನು ಹೇಳಿ ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

ಅವಳಿಗೆ ಆ ಹೆಂಗಸಿನ ಮೇಲೆ ಅಸೂಯೆ ಬರಬೇಕಿತ್ತು. ಬರಲಿಲ್ಲ. ಹೀಗೆ ಬೈಯುವುದಕ್ಕೆ ನನಗೊಬ್ಬರು ಇದ್ದಿದ್ದರೆ... ಅಂತ ಮಾತ್ರ ಅನಿಸಿತು.

ಬಿಸಿಲುಗಾಲ ಬರುವ ಹೊತ್ತಿಗೆ ಒಂದೇ ಕಾರ್ಡು ಉಳಿದಿತ್ತು. ಕಾಯಿಲೆ ವಾಸಿಯಾದ ಹೆಂಗಸೊಬ್ಬಳು ತನ್ನನ್ನು ನೋಡಿಕೊಂಡ ನರ್ಸಿಗೆ ಅಂತ ಕೊಂಡಿದ್ದು. ಆ ಹೆಂಗಸೂ ಊರು ಬಿಟ್ಟಿದ್ದಳು, ಯಾವ ಆಸ್ಪತ್ರೆಯೋ ತಿಳಿಯದು. ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ಕೇಳಿ ಬರಿಗೈಯಲ್ಲಿ ಬಂದರು.

ಆದರೆ ಸುದ್ದಿ ಹಬ್ಬಿತ್ತು. ಮುಂದಿನ ಸೋಮವಾರ ಆ ನರ್ಸು ತಾನೇ ಹುಡುಕಿಕೊಂಡು ಮೇಲೆ ಬಂದಳು. ಕಾರ್ಡು ಮೇಜಿನ ಮೇಲಿಟ್ಟು, ಯಾರದೋ ಮನೆ ನೆನಪಂತೆ, ನನಗ್ಯಾಕೆ ಅಂದು, ಬದಲಿ ಕಾರ್ಡು ತೆಗೆದುಕೊಂಡು ಹೋದಳು.

ಅವಳು ಒಬ್ಬಳೇ ಉಳಿದಳು. ಆಗ ಜೀವನದಲ್ಲಿ ಮೊದಲ ಸಲ ತನ್ನ ಪದ್ಧತಿ ಮುರಿದಳು. ಒದ್ದೆ ಬಟ್ಟೆ ಇಟ್ಟು ದಳ ಬಿಡಿಸಿ, ಒಂದರ ಪಕ್ಕ ಒಂದು ಇಟ್ಟು ಓದಿದಳು.

'ಬೇಗ ಬನ್ನಿ. ಏನಿಲ್ಲ, ಸುಮ್ಮನೆ.'

ಪಕ್ಕದ ಮನೆಯವರ ಕೈಲಿ ಅಂಗಡಿಗೆ ಕಳಿಸಿದ ಚೀಟಿ ಇರಬೇಕು.

ಇದನ್ನು ಕೊಟ್ಟ ಮರುಕ್ಷಣ ಅವನಿಗೆ ಈ ಮೆಟ್ಟಿಲು ಹತ್ತುವುದಕ್ಕೆ ಕಾರಣ ಇರುವುದಿಲ್ಲ. ಗುರುವಾರ ಬರುತ್ತದೆ, ಹೋಗುತ್ತದೆ. ಅವನು ಬರುವುದಿಲ್ಲ.

ಒಂದು ವಾರ... ಒಂದೇ ಒಂದು ವಾರ, ಅಂದುಕೊಂಡಳು. ದಳಗಳನ್ನು ಲಕೋಟೆಗೆ ಹಾಕಿ, ಪೆಟ್ಟಿಗೆಯ ತಳದಲ್ಲಿಟ್ಟಳು.

ಒಂದು ಐದಾಯಿತು. ಐದು ಗುರುವಾರ ಅವಳು ಅವನನ್ನು ಒಂದೊಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನೆತ್ತಿ ಸುಡುವ ಬಿಸಿಲು. ಅವನ ಕಾಲಿಗೆ ಚಪ್ಪಲಿ ಕಚ್ಚಿ ಬೊಬ್ಬೆ ಎದ್ದಿತ್ತು. ಆದರೂ ಪ್ರತಿ ಸಲ ವಾಪಸ್ ಬಂದಾಗ, ನನ್ನಿಂದ ನಿಮಗೆಷ್ಟು ತೊಂದರೆ ಅಂತ ಅವನೇ ಸಂಕೋಚ ಪಡುತ್ತಿದ್ದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ನರ್ಸು ಮೆಟ್ಟಿಲು ಹತ್ತಿದ್ದನ್ನು ಟೈಲರ್ ತಾತ ನೋಡಿದ್ದ. ಅವನ ಕಣ್ಣಿಂದ ಸೂಜಿಯೂ ತಪ್ಪಿಸಿಕೊಳ್ಳದು. ಒಂದು ದಿನ ಹೊಲಿಗೆ ನಿಲ್ಲಿಸದೇ ಹೇಳಿದ, "ಮಗಳೇ, ಬಗಲಲ್ಲಿ ಕೂಸು, ಊರೆಲ್ಲ ಹುಡುಕಾಟ ಅಂತಾರಲ್ಲ, ಅದನ್ನ ನಾನು ಗಾದೆ ಅಂದ್ಕೊಂಡಿದ್ದೆ. ಈಗ ಕಣ್ಣಾರೆ ನೋಡ್ತಿದೀನಿ."

"ಈ ಗುರುವಾರ ಹೇಳ್ತೀನಿ ತಾತ."

ಗುರುವಾರದ ತನಕ ಕಾಲ ಕಾಯಲಿಲ್ಲ. ಬುಧವಾರ ಮಧ್ಯಾಹ್ನವೇ ಅವನು ಬಂದ. ಆ ನರ್ಸು ಕನ್ನಡಕ ಮಾಡಿಸುವುದಕ್ಕೆ ಅವನ ಅಂಗಡಿಗೇ ಹೋಗಿದ್ದಳು. ಮಾತಿಗೆ ಮಾತು ಬಂದು, ಆ ಕಾರ್ಡು ಕೊಟ್ಟು ತಿಂಗಳ ಮೇಲಾಯಿತಲ್ಲ ಅಂದಿದ್ದಳು.

ಅವನು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಐದು ವಾರ ಅವಳು ನಿಮ್ಮ ಪೆಟ್ಟಿಗೆಯಲ್ಲಿ ಇದ್ಲು," ಅಂದ. "ನಾನು ಬಿಸಿಲಲ್ಲಿ ಅಲೀತಿದ್ದೆ. ನನ್ನ ಹುಚ್ಚು ನೋಡೋಕೆ ನಿಮಗೆ ಮಜಾ ಅನಿಸ್ತಾ?"

ಇಲ್ಲ... ಹಾಗಲ್ಲ... ಅನ್ನಬೇಕು ಅಂತ ಬಾಯಿ ತೆರೆದಳು. ಏನಂತ ಹೇಳುವುದು? ಸತ್ತವಳ ಚೀಟಿ ಬಚ್ಚಿಟ್ಟು ಅವಳ ಗಂಡನ ದಾರಿ ಕಾಯ್ದೆ ಅಂತಲೇ?

ಲಕೋಟೆ ತೆಗೆದು ಕೊಟ್ಟಳು. ಅವನು ತೆಗೆದುಕೊಂಡು ಇಳಿದುಹೋದ.

ಆಮೇಲೆ ಎರಡು ತಿಂಗಳು ಅವಳ ಕತ್ತರಿ ಸರಿಯಾಗಿ ಆಡಲಿಲ್ಲ. ಯಾವ ಚೂರು ಹಿಡಿದರೂ ಓದಬೇಕು ಅನಿಸುತ್ತಿತ್ತು. ಓದುತ್ತಿದ್ದಳು, ಪಕ್ಕಕ್ಕಿಡುತ್ತಿದ್ದಳು. ಮೇಜಿನ ಒಂದು ಬದಿಯಲ್ಲಿ ಕತ್ತರಿಸಲಾರದ ಕಾಗದದ ಗುಡ್ಡೆ ಬೆಳೆಯಿತು. ಮಳೆ ಶುರುವಾಯಿತು. ಅಂಟು ಒಣಗದೆ ಕಾರ್ಡುಗಳಿಗೆ ಬೂಷ್ಟು ಬಂತು.

ಒಂದು ಬೆಳಿಗ್ಗೆ ಟೈಲರ್ ತಾತ ಏದುಸಿರು ಬಿಡುತ್ತ ಮೇಲೆ ಬಂದ. ಮಂಡಿ ನೋವಿನವನು, ಏಳು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ.

"ನಿನ್ನ ಕನ್ನಡಕದವನು ಗುರುವಾರ ಗುರುವಾರ ಬರ್ತಾನೆ. ಎದುರಂಗಡಿ ಸೂರಿನ ಕೆಳಗೆ ಕೊಡೆ ಹಿಡ್ಕೊಂಡು ನಿಲ್ತಾನೆ, ಹೋಗ್ತಾನೆ. ನನಗೆ ಇಬ್ಬರನ್ನೂ ನೋಡಿ ಸಾಕಾಗಿದೆ. ಅವನು ಹತ್ತಲ್ಲ, ನೀನು ಇಳಿಯಲ್ಲ. ಯಾರಾದ್ರೂ ಒಬ್ಬರು ಕಾಲಾಡಿಸ್ರಪ್ಪ. ನೋಡು, ನಾನೇ ಹತ್ತಿ ಬಂದೆ."

ಅವಳು ಇಳಿದಳು.

ಅವನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಗಾಜು ಉಜ್ಜುವ ಯಂತ್ರ ತಿರುಗುತ್ತಿತ್ತು. ಅವಳನ್ನು ಕಂಡು ಅದನ್ನು ನಿಲ್ಲಿಸಿದ. ಕೂರಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಅವಳು ನಿಂತೇ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ಉಳಿದಿದ್ದು ಇಷ್ಟೇ.

"ಕೊಟ್ಟುಬಿಟ್ರೆ ನೀವು ಬರೋದು ನಿಂತುಹೋಗ್ತಿತ್ತು. ಅದಕ್ಕೆ ಇಟ್ಕೊಂಡೆ. ತಪ್ಪು ಅಂತ ಗೊತ್ತಿತ್ತು, ಆದರೂ ಇಟ್ಕೊಂಡೆ. ನಿಮ್ಮ ಅಕ್ಕ ಮಾಡಿದ್ದೂ ಪ್ರೀತಿಗೇ, ನಾನು ಮಾಡಿದ್ದೂ ಪ್ರೀತಿಗೇ. ಇಬ್ಬರೂ ನಿಮಗೆ ಅನ್ಯಾಯ ಮಾಡಿದ್ವಿ. ಇಷ್ಟು ಹೇಳಿ ಹೋಗೋಣ ಅಂತ ಬಂದೆ."

ಅವನು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದ. ಅದು ಯಾವಾಗಲೋ ಚೊಕ್ಕವಾಗಿತ್ತು.

"ನನಗೆ ಸಿಟ್ಟು ಬಂದಿದ್ದು ನಿಮ್ಮ ಮೇಲಲ್ಲ," ಅಂದ. "ಆ ಐದು ವಾರ... ಪ್ರತಿ ಆಸ್ಪತ್ರೆ ಬಾಗಿಲಲ್ಲಿ, ಇಲ್ಲಿ ಸಿಗದೇ ಇರಲಿ ಅಂತ ನಾನೂ ಅಂದ್ಕೊಳ್ತಿದ್ದೆ. ನನ್ನ ಹೆಂಡತಿ ಮಾತು, ಅದು ಸಿಗಬಾರದು ಅಂತ ನಾನೇ ಬಯಸ್ತಿದ್ದೆ. ಆ ಪಾಪ ಯಾರ ತಲೆಗಾದ್ರೂ ಕಟ್ಟಬೇಕಿತ್ತು. ನಿಮ್ಮ ತಲೆಗೆ ಕಟ್ಟಿದೆ."

ಹೊರಗೆ ಮಳೆ ಜೋರಾಯಿತು. ಅವಳ ಕಣ್ಣು ತುಂಬಿ ಎದುರಿನವನು ಕಾಣದಾದ. ಅವನು ಸ್ಟೂಲು ಅವಳ ಕಡೆ ಸರಿಸಿದ. ಅವಳು ಕೂತಳು.

"ಆ ಚೀಟಿ ಎಲ್ಲ ನನ್ನ ಮನೆಯಲ್ಲೇ ಇರುತ್ತೆ," ಅಂದ ಅವನು. "ಎಸೆಯೋಕೆ ನನ್ನ ಕೈಲಾಗಲ್ಲ."

"ಇರಲಿ. ನನಗೂ ಅವರ ಹತ್ರ ಮಾತಾಡೋದಿದೆ."

"ಏನು?"

"ಕತ್ತರಿಸಿದ್ದಕ್ಕೆ ತಪ್ಪಾಯ್ತು ಅನ್ಬೇಕು."

"ಬೈತಾಳೆ. ದೊಡ್ಡಕ್ಷರದಲ್ಲಿ."

"ಬೈಸ್ಕೊಳ್ತೀನಿ," ಅಂದಳು.

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ. ಇಬ್ಬರೂ ಅತ್ತರು. ಯಾರು ಯಾರನ್ನು ಸಮಾಧಾನ ಮಾಡಿದರು ಅಂತ ಹೇಳುವುದು ಕಷ್ಟ.

ಮಳೆ ಮುಗಿದ ಮೇಲೆ ಮದುವೆಯಾದರು. ಅವನೇ ಹೋಗಿ ಮಾತಾಡಿಸಿ ಕರೆದಿದ್ದ ಅಕ್ಕ ಸಾಕ್ಷಿಗೆ ಬಂದಿದ್ದಳು, ಟೈಲರ್ ತಾತ ಬಂದಿದ್ದ. ಹನ್ನೊಂದು ವರ್ಷ ಕೂಡಿ ಬಾಳಿದರು. ನಡುವೆ ತಾತನೂ ಹೋದ, ಅಕ್ಕನೂ ಹೋದಳು. ಅವರಿಬ್ಬರಲ್ಲಿ ಮೊದಲು ಹೊರಟವನು ಅವನು. ಚಳಿ ಆಗ ತಾನೇ ಶುರುವಾಗಿತ್ತು. ಮಧ್ಯಾಹ್ನ ಮೂರು ದಾಟಿತ್ತು, ಅವಳು ಪಕ್ಕದಲ್ಲೇ ಕೂತಿದ್ದಳು. ಗುರುವಾರವೂ ಅಲ್ಲ, ಒಂದು ಮಂಗಳವಾರ.