ಬಂದು ಹೋದ ಗುಲಾಬಿ

"ಬಣ್ಣ ಬಂತೇನೇ?" ಪಂಪ್ ರೂಮಿನಿಂದ ಅಮ್ಮ ಕೂಗಿದಳು.

"ಬಂ..." ಅನ್ನುವಷ್ಟರಲ್ಲಿ ಗೆಳೆಯ ಕಪ್ಪೆ ಚೆಂಡು ಎಸೆದ. ಬುಗುರಿ ಅದನ್ನು ಒಂದೇ ಕೈಯಲ್ಲಿ ಹಿಡಿದಳು. ಇನ್ನೊಂದು ಕೈಯಲ್ಲಿ ಗಾಜಿನ ಟ್ಯೂಬ್ ಇತ್ತು. ಅದರೊಳಗಿನ ಈಜುಕೊಳದ ನೀರಿಗೆ ಈಗ ತಾನೇ ಮಾತ್ರೆ ಹಾಕಿದ್ದಳು. ನೀರು ಗುಲಾಬಿಯಾದ ಹಾಗೆ ಕಂಡಿತ್ತಲ್ಲ? ತಿರುಗಿ ನೋಡಿದರೆ ಗುಲಾಬಿಯೂ ಇಲ್ಲ, ಗಿಲಾಬಿಯೂ ಇಲ್ಲ. ಬರೀ ನೀರು.

"ಬಂದಿಲ್ಲಮ್ಮಾ! ಹಾಗೇ ಇದೆ!"

"ಅಯ್ಯೋ, ಕ್ಲೋರಿನ್ನೇ ಇಲ್ವಾ? ಮಷಿನ್ ಜೋರು ಮಾಡ್ತೀನಿ ಹಾಗಾದ್ರೆ. ಪಿಎಚ್ ನೋಡು."

ಬುಗುರಿ ಇನ್ನೊಂದು ಟ್ಯೂಬಿಗೆ ಕೆಂಪು ಔಷಧಿಯ ಹನಿ ಬಿಟ್ಟಳು. ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಹೋಲಿಸಿ ನೋಡುವ ಕಾರ್ಡಿನಲ್ಲಿ ಹಳದಿಯಿಂದ ಕೆಂಪಿನವರೆಗೆ ಮಾತ್ರ ಬಣ್ಣಗಳಿದ್ದವು. ನೇರಳೆ ಎಲ್ಲೂ ಇರಲಿಲ್ಲ. ಆದರೇನು, ನೇರಳೆ ಅಂದರೆ ಕೆಂಪಿನ ಪಕ್ಕದ ಮನೆಯೇ ತಾನೆ!

"ಕಡು ಕೆಂಪು!" ಎಂದು ಕೂಗಿ ಚೆಂಡಿನ ಹಿಂದೆ ಓಡಿದಳು.

ಅವಳ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಹೊರಗೆ ಬರುತ್ತಿತ್ತು. ಮಿಕ್ಕ ಹೊತ್ತೆಲ್ಲ ಅವಳು ಬುಗುರಿ. ಕೂತರೆ ಕಾಲು ಕುಣಿಯುತ್ತಿತ್ತು, ಕಾಲು ಹಿಡಿದು ನಿಲ್ಲಿಸಿದರೆ ಬಾಯಿ ಕುಣಿಯುತ್ತಿತ್ತು. ಅಜ್ಜಿಯಂತೂ "ಇವಳೇನು ಮಗುವೋ, ಅಂಡು ಸುಟ್ಟ ಬೆಕ್ಕೋ?" ಎನ್ನುತ್ತಿದ್ದಳು.

ಅಮ್ಮ ಶಾಲೆಯ ಈಜುಕೊಳ ನೋಡಿಕೊಳ್ಳುತ್ತಿದ್ದಳು. ಅದು ಉಪ್ಪುನೀರಿನ ಕೊಳ. ನೀರಿಗೆ ಉಪ್ಪು ಹಾಕಿದರೆ, ಪಂಪ್ ರೂಮಿನ ಮಷಿನ್ ಆ ಉಪ್ಪಿನಿಂದಲೇ ಕ್ಲೋರಿನ್ ಮಾಡಿಕೊಡುತ್ತದೆ. ಕ್ಲೋರಿನ್ ಕೊಳೆ ಕೊಲ್ಲುತ್ತದೆ. "ಉಪ್ಪಾಯ್ತು, ಒಗ್ಗರಣೆ ಯಾವಾಗ ಆಂಟಿ?" ಎಂದು ಕಪ್ಪೆ ಕೇಳದ ದಿನವಿರಲಿಲ್ಲ. ನೀರಿನಲ್ಲಿ ಕಾಲು ಬಡಿಯುವ ಚಂದಕ್ಕೇ ಅವನಿಗೆ ಆ ಹೆಸರು ಬಂದಿತ್ತು.

ದಿನಾ ಅಮ್ಮನೇ ನೀರು ಪರೀಕ್ಷೆ ಮಾಡುತ್ತಿದ್ದಳು. ಅವತ್ತು ರಜೆ ಮುಗಿಸಿ ಬಂದ ಮೊದಲ ದಿನ, ಮಷಿನ್ನಿನ ಕೊಳವೆ ಬಿಚ್ಚಿ ಉಜ್ಜುತ್ತಿದ್ದಳು, ಕೈಗೆ ಬಿಡುವಿರಲಿಲ್ಲ. "ನೀನೇ ನೋಡಿ ಹೇಳ್ತೀಯಾ?" ಎಂದು ಕೇಳಿದಾಗ ಬುಗುರಿ ಹಿಗ್ಗಿ ಹೀರೇಕಾಯಿ ಆಗಿದ್ದಳು.

ಮರುದಿನ ಬೆಳಿಗ್ಗೆ ಈಜು ತಂಡದ ಸೆಲೆಕ್ಷನ್. ಎಲ್ಲೂ ನಿಲ್ಲದೆ ಈ ತುದಿಯಿಂದ ಆ ತುದಿ ಮುಟ್ಟಿದವರು ತಂಡದಲ್ಲಿ. ಹೋದ ವರ್ಷ ಬುಗುರಿ ಶುರುವಿಗೇ ಜೋರಾಗಿ ಬಡಿದು, ನಡುವೆ ಏದುಸಿರು ಬಂದು, ಹಗ್ಗ ಹಿಡಿದು ನೇತಾಡಿದ್ದಳು. ಈ ಸಲ ಹಗ್ಗದ ಕಡೆ ನೋಡುವುದೂ ಇಲ್ಲ ಎಂದು ಆಣೆ ಮಾಡಿದ್ದಳು.

ಬೆಳಿಗ್ಗೆ ಕೋಚ್ ಸರ್ ಸೀಟಿ ತಿರುಗಿಸುತ್ತ ನಿಂತಿದ್ದರು. ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು.

"ಹೆಸರುಗಳನ್ನ ಇವತ್ತೇ ಕಳಿಸ್ಬೇಕು. ಇವತ್ತು ಆಗದಿದ್ರೆ ಮುಂದಿನ ವರ್ಷವೇ," ಎಂದರು ಸರ್.

ಕಪ್ಪೆ ಬಗ್ಗಿ ಕೊಳದ ನೀರಿನಲ್ಲಿ ಮುಖ ತೊಳೆದ. "ಅಯ್ಯಪ್ಪಾ, ಕಣ್ಣು ಉರೀತಿದೆ!"

"ನಿನ್ನೆ ಕಡು ಕೆಂಪು ಬಂದಿತ್ತಲ್ಲ, ಪಿಎಚ್ ಏರಿದೆ, ಅದಕ್ಕೇ ಉರಿ," ಎಂದಳು ಅಮ್ಮ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ನೀರು ತುಂಬಿದ ಬಕೆಟ್ಟಿಗೆ ಆಸಿಡ್ ಬಿಡುತ್ತಿದ್ದಳು. "ಪಿಎಚ್ ಏರಿದ್ರೆ ಕ್ಲೋರಿನ್ ಸೋಮಾರಿ ಆಗುತ್ತೆ. ಸ್ವಲ್ಪ ಆಸಿಡ್ ಬಿದ್ರೆ ಮತ್ತೆ ಚುರುಕಾಗುತ್ತೆ. ಬುಗುರಿ, ಕ್ಲೋರಿನ್ ಎಷ್ಟಾಗಿದೆ ನೋಡಮ್ಮ. ರಾತ್ರಿಯೆಲ್ಲ ಮಷಿನ್ ಓಡಿದೆ."

ಬುಗುರಿ ಟ್ಯೂಬ್ ತುಂಬಿ ಮಾತ್ರೆ ಹಾಕಿದಳು. ಗುಲಾಬಿ ಬಣ್ಣ ಭಗ್ ಎಂದು ಎದ್ದಿತು. ಅಬ್ಬ ಎನ್ನುವಷ್ಟರಲ್ಲಿ ತೆಳುವಾಗಿ, ಮಾಯವಾಗಿ, ಬರೀ ನೀರು ಉಳಿಯಿತು.

ಅವಳು ಟ್ಯೂಬನ್ನು ಬೆಳಕಿಗೆ ಹಿಡಿದಳು. ನಿನ್ನೆಯೂ ಹೀಗೇ ಆಗಿತ್ತು.

ರಾತ್ರಿಯೆಲ್ಲ ಮಷಿನ್ ಓಡಿದೆ. ಆದರೂ ಕ್ಲೋರಿನ್ ಇಲ್ಲ ಅಂದರೇನು? ಇಲ್ಲದೇ ಇದ್ದರೆ ಗುಲಾಬಿ ಬಂದದ್ದಾದರೂ ಯಾಕೆ? ಕಪ್ಪೆಯ ಕಣ್ಣು ಟೊಮೆಟೊ ಆಗಿದೆ. ಮತ್ತೆ ಆ ನೇರಳೆ ಬಣ್ಣ? ಅದು ಕಾರ್ಡಿನಲ್ಲೇ ಇರಲಿಲ್ಲವಲ್ಲ!

ಹೇಳಿದರೆ ಸೆಲೆಕ್ಷನ್ ನಿಲ್ಲುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗುಲಾಬಿಯನ್ನು ನೋಡಿದ್ದು ಅವಳೊಬ್ಬಳೇ. ಅವಳ ಕಾಲು ತನ್ನಷ್ಟಕ್ಕೇ ಕುಣಿಯತೊಡಗಿತು. ಸರ್ ಗಡಿಯಾರ ನೋಡಿಕೊಂಡರು. ಅಮ್ಮ ಬಕೆಟ್ ಎತ್ತಿದಳು.

"ಅಮ್ಮಾ, ನಿಲ್ಲು! ಹಾಕ್ಬೇಡ!"

ಅಮ್ಮ ಬಕೆಟ್ ಇಳಿಸಿ ಬಂದಳು. ಬುಗುರಿ ಹೇಳಿದ್ದನ್ನು ಕೇಳಿದಳು. ಆಮೇಲೆ ಟ್ಯೂಬ್ ತೊಳೆದು ಕೊಳದ ನೀರು ಇಷ್ಟೇ ಇಷ್ಟು ಹಾಕಿದಳು. ಉಳಿದದ್ದಕ್ಕೆ ಬುಗುರಿಯ ಬಾಟಲಿಯಿಂದ ಕುಡಿಯುವ ನೀರು ಬೆರೆಸಿ ಮಾತ್ರೆ ಹಾಕಿದಳು. ಗುಲಾಬಿ ಬಂತು. ಈ ಸಲ ಹೋಗಲಿಲ್ಲ. ಕಡು ಗುಲಾಬಿಯಾಗಿ ಗಟ್ಟಿಯಾಗಿ ಕೂತಿತು.

"ಕ್ಲೋರಿನ್ ಇಲ್ಲದೆ ಇರೋದಲ್ಲ ಕಣೇ, ವಿಪರೀತ ಇದೆ," ಎಂದಳು ಅಮ್ಮ ಮೆಲ್ಲಗೆ. "ಅಷ್ಟು ಜಾಸ್ತಿ ಇದ್ರೆ ಟೆಸ್ಟಿನ ಬಣ್ಣಾನೂ ತಿಂದುಹಾಕುತ್ತೆ. ಪಿಎಚ್ ಟೆಸ್ಟೂ ನೇರಳೆ ತೋರಿಸಿ ಸುಳ್ಳು ಹೇಳುತ್ತೆ. ರಜೆಯಲ್ಲಿ ಕೊಳಕ್ಕೆ ಹೊದಿಕೆ ಮುಚ್ಚೇ ಇತ್ತು, ಕ್ಲೋರಿನ್ ಇಳಿಸೋ ಬಿಸಿಲು ಬಿದ್ದಿಲ್ಲ, ಮಷಿನ್ ಓಡ್ತಾನೇ ಇತ್ತು. ನಿನ್ನೆಯೂ ಬಣ್ಣ ಬಂದು ಹೋಯ್ತಾ?"

"ಹೂಂ. ಹೋಗಿದ್ದನ್ನ ಮಾತ್ರ ಹೇಳ್ದೆ."

ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಬುಗುರಿಗೆ. ಅಮ್ಮ ನೇರ ಕೋಚ್ ಸರ್ ಹತ್ತಿರ ಹೋಗಿ, "ಈಗ ಯಾರೂ ನೀರಿಗೆ ಇಳಿಯೋ ಹಾಗಿಲ್ಲ ಸರ್. ನಂದೇ ತಪ್ಪು, ನಾನೇ ನೋಡ್ಬೇಕಿತ್ತು," ಎಂದಳು.

ಬುಗುರಿ ಅಮ್ಮನ ಮುಂದೆ ಬಂದು ನಿಂತಳು. "ಅಮ್ಮಂದಲ್ಲ ಸರ್. ಟೆಸ್ಟ್ ಮಾಡಿದ್ದು ನಾನು. ಅರ್ಧ ನೋಡಿ ಓಡಿಹೋದೆ."

ಸಾಲಿನಲ್ಲಿ ಗುಜುಗುಜು ಎದ್ದಿತು. "ಬುಗುರಿಗೆ ಯಾಕೆ ಬೇಕಿತ್ತಂತೆ!" ಎಂದು ಯಾರೋ ಅಂದರು. ಕಪ್ಪೆ ಕಣ್ಣಿಗೆ ಒಳ್ಳೆ ನೀರು ಚಿಮುಕಿಸಿಕೊಳ್ಳುತ್ತಿದ್ದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಸರ್ ಹಣೆ ಉಜ್ಜಿಕೊಂಡರು. "ಸಂಜೆವರೆಗೂ ಕಾಯ್ತೀನಿ. ನೀರು ಸರಿಹೋದ್ರೆ ಸರಿ. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಅಮ್ಮ ಮಷಿನ್ ಆಫ್ ಮಾಡಿದಳು. ಕ್ಲೋರಿನ್ ಇಳಿಸುವ ಪುಡಿಯನ್ನು ಕರಗಿಸಿ ಸುರಿದಳು. ಪಂಪ್ ನೀರನ್ನು ಸುತ್ತಿಸುತ್ತಲೇ ಇತ್ತು. ಮೇಲೆ ಬಿಸಿಲು ಕಾಯುತ್ತಿತ್ತು.

ಕಾಯುವುದೆಂದರೆ ಬುಗುರಿಗೆ ಆಗಿಬರದ ಕೆಲಸ. ಗೇಟಿನವರೆಗೆ ಹೋದಳು, ಬಂದಳು. ಟೋಪಿ ಹಾಕಿದಳು, ತೆಗೆದಳು. "ಈಗ ನೋಡಣಾಮ್ಮಾ?" "ಈಗ?" "ಈಗಲಾದ್ರೂ?"

"ನೀರಿಗೆ ನಿನ್ನ ಅವಸರ ಗೊತ್ತಿಲ್ಲ ಕಣೇ," ಎಂದಳು ಅಮ್ಮ.

ಸಂಜೆ ಮಕ್ಕಳೆಲ್ಲ ಮತ್ತೆ ಬಂದರು. ಅಮ್ಮ ಡಬ್ಬಿಯಿಂದ ಟ್ಯೂಬ್ ತೆಗೆದು, ಒರೆಸಿ, ಬುಗುರಿಯ ಕಡೆ ಚಾಚಿದಳು.

"ನಾನಾ?" ಬುಗುರಿಗೆ ನಂಬಿಕೆ ಬರಲಿಲ್ಲ.

"ಮತ್ತೆ ಇನ್ಯಾರು? ನೋಡು. ಆಮೇಲೆ ನಾನೂ ನೋಡ್ತೀನಿ."

ಬುಗುರಿ ನೀರು ತುಂಬಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಾತ್ರೆ ಹಾಕಿದಳು. ಸುತ್ತಲೂ ಮಕ್ಕಳು ಮುತ್ತಿಕೊಂಡರು. ಗುಲಾಬಿ ಬಂತು. ತೆಳು ಗುಲಾಬಿ, ಕಾರ್ಡಿನಲ್ಲಿ ಅಮ್ಮ ದಿನಾ ಬೆರಳಿಡುವ ಬಣ್ಣ.

"ಬಂತು! ಬಂತು!" ಕಪ್ಪೆ ಕುಣಿದ. ಸಾಲಿನಲ್ಲಿ ಹೋ ಎಂದು ಗದ್ದಲವೆದ್ದಿತು. ಸರ್ ಸೀಟಿಯನ್ನು ಬಾಯಿಗಿಟ್ಟರು. "ಸರಿಹೋಯ್ತೇನಮ್ಮ? ಊದಲಾ?"

ಯಾರೋ ಅವಳ ಭುಜ ಅಲುಗಿಸಿದರು. ಯಾರೋ ಟೋಪಿ ಎಳೆದರು. ಬುಗುರಿಯ ಕಾಲು ಮಾತ್ರ ಅಲುಗಲಿಲ್ಲ. ಕಣ್ಣು ಟ್ಯೂಬನ್ನು ಬಿಟ್ಟು ಕದಲಲಿಲ್ಲ.

"ಇರಿ ಸರ್," ಎಂದಳು ಅವಳು. "ಇನ್ನೂ ನೋಡ್ತಾ ಇದೀನಿ."