ಕುರಿಹಟ್ಟಿಯ ಜಾಲಿ ಬೀಜ

ಜಹೀರಾಬಾದ್ ಹತ್ತಿರದ ತರಬೇತಿ ಕೇಂದ್ರದಲ್ಲಿ, ಅದು ಶುರುವಾದಂದಿನಿಂದ, ಫಾರೆಸ್ಟ್ ಗಾರ್ಡುಗಳಿಗೆ ಕಾಡು ಬೆಳೆಸುವ ಪಾಠ ಹೇಳುತ್ತ ಬಂದ ಮೊದಲ ಮೇಷ್ಟ್ರು ಸಂಜೀವಕುಮಾರ ಸರ್. ಊರೂರಿಗೆ ಶಿಷ್ಯರು, ಮನೆಯಲ್ಲಿ ಮಾತ್ರ ಊಟ ಆಯಿತೇ ಎಂದು ಕೇಳುವವರಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಮನುಷ್ಯ ತಾಂಡೂರು ಕಡೆ ಯಾವುದಾದರೂ ಕಾಡಿನ ಕ್ಯಾಂಪಿನಲ್ಲಿರುತ್ತಿದ್ದರು. ಬರುಬರುತ್ತ ಮಾತು ತರುವವರೂ ಕೈಬಿಟ್ಟರು. ಬಾಡಿಗೆ ಖೋಲಿಯಲ್ಲಿ ರೇಡಿಯೊ ಹಚ್ಚಿಟ್ಟುಕೊಂಡೇ ಉಣ್ಣುತ್ತಿದ್ದರು. ಮನುಷ್ಯರ ದನಿ ಕಿವಿಗೆ ಬೀಳಬೇಕಲ್ಲ!

ಬೇಸಿಗೆ ಬಂದರೆ ಮಾತ್ರ ಅವರ ಮುಖ ಅರಳುತ್ತಿತ್ತು. ಜಾಲಿಕಾಯಿ ತಿಂದ ಕುರಿಗಳು ಮೆಲುಕು ಹಾಕುತ್ತ ಬೀಜ ಉಗುಳುತ್ತವೆ, ಹಟ್ಟಿಯಲ್ಲಿ ಬಿದ್ದ ಆ ಬೀಜ ಬೇಗ ಮೊಳೆಯುತ್ತದೆ. ನರ್ಸರಿಗೆಂದು ಅದನ್ನು ಒಯ್ಯಲು ಶೇರ್ ಆಟೋ ಹತ್ತಿ ಮನೂರಿನ ಹೊಲದಲ್ಲಿ ಗೂಟ ನೆಟ್ಟು ಬಲೆ ಕಟ್ಟಿದ್ದ, ಕುರಿಗಾಹಿ ಯಂಕಪ್ಪನ ಕುರಿಹಟ್ಟಿಗೆ ಬರುತ್ತಿದ್ದರು. ಬೀಜ ಗುಡಿಸಿ, ಮೊರದಲ್ಲಿ ಕೇರಿ ಕೊಡುತ್ತಿದ್ದವಳು ಯಂಕಪ್ಪನ ಅಕ್ಕ ಮೋನಮ್ಮ. ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಕುರಿಗಳ ಹಿಂದೆ ನಡೆದವಳು.

ಈ ತಿಂಗಳ ಕೊನೆಗೆ ಸರ್ ರಿಟೈರ್ ಆಗುತ್ತಾರೆ. ಹೇಳಬೇಕಾದ್ದನ್ನು ಇವತ್ತು ಹೇಳದಿದ್ದರೆ ಇನ್ನು ಇಲ್ಲಿಗೆ ಬರಲು ಕಾರಣವೇ ಇರುವುದಿಲ್ಲ.

"ಈ ಸಲ ಬಾಳ ತಡಾ ಮಾಡಿದ್ರಿ ಸರ," ಎಂದಳು ಮೋನಮ್ಮ. ಧೂಳಿನ ನಡುವೆ ಕಣ್ಣಷ್ಟೇ ಎತ್ತಿ ನೋಡಿ, ನಕ್ಕು, ಸೆರಗು ಸರಿಮಾಡಿಕೊಂಡಳು. ಸರ್ ಹೇಳಬೇಕೆಂದಿದ್ದನ್ನು ಬಿಟ್ಟು ಬೀಜದ ಖಾಲಿ ಚೀಲ ಬಿಚ್ಚತೊಡಗಿದರು.

ಯಂಕಪ್ಪ ಚಹಾ ತಂದುಕೊಟ್ಟ. "ನೀವರೆ ಹೇಳ್ರಿ ಸರ. ಈ ಕಡಿ ಮೇವು ಮುಗದು ಹೋಗ್ಯಾದ. ರಾಯಿಕೋಡ್ ಕಡಿ ಹೋಗಮು ಅಂದ್ರ ಅಕ್ಕ ಕೇಳಂಗಿಲ್ಲ. ವರ್ಷಾ ವರ್ಷಾ ಇದೇ ಹಠ. ಬೀಜದ ಸರ ಬರೂತನಕ ಹಟ್ಟಿ ಕೀಳಬ್ಯಾಡ ಅಂತಾಳ!"

"ಹೋಗೋ, ಮರಿಗೋಳಿಗಿ ನೀರ ಕುಡಸು ಹೋಗು," ಎಂದು ಅವಳು ಗದರಿ, ಮೊರ ಜೋರಾಗಿ ಕೇರತೊಡಗಿದಳು. ಅದರಲ್ಲಿ ಒಂದು ಬೀಜವೂ ಇರಲಿಲ್ಲ.

ಸರ್ ಚಹಾದ ಕಪ್ಪು ಕೆಳಗಿಟ್ಟರು. "ಮೋನಮ್ಮಾ, ಬರೂ ವರ್ಷ ಬೀಜ ಬ್ಯಾಡ್ರಿ. ನನ್ನ ನೌಕರಿ ಮುಗೀತು."

ಅವಳ ಕೈ ನಿಂತಿತು. "ಹೊಸಾ ಸರ ಬರ್ತಾರೇನ್ರಿ?"

"ಇಲ್ಲ. ನರ್ಸರಿಯಾಗ ಜಾಲಿ ಹಚ್ಚೂದು ಬಿಟ್ಟು ಬಾಳ ವರ್ಷ ಆತು."

"ಮತ್ತ ನೀವು ಒಯ್ದಿದ್ದು?"

"ನನ್ನ ಖೋಲ್ಯಾಗ ಅದಾವ. ಚೀಲದ ಮ್ಯಾಲ ಚೀಲ. ಕಾಲಿಡಾಕ ಜಾಗ ಇಲ್ಲ."

ಮೋನಮ್ಮನಿಗೆ ಮೊದಲು ಸಿಟ್ಟು ಬಂತು. "ಅಯ್ಯ ನಿಮ್ಮ! ದಿನಾ ಮುಂಜಾನಿ ನಡಾ ಮುರಕೊಂಡು ಹಿಕ್ಕಿ ಕೆದರೀನಿ. ಎಲ್ಲಾ ಸುಳ್ಳೇನ್ರಿ?" ಆಮೇಲೆ ನಗು ಬಂತು. ನಗುತ್ತ ನಗುತ್ತ ಅತ್ತಳು.

"ನಿಮ್ಮನ್ನ ನೋಡಾಕ ಬರ್ತಿದ್ದೆ. ಹೇಳಾಕ ಧೈರ್ಯ ಆಗ್ಲಿಲ್ಲ." ಸರ್ ನೆಲ ನೋಡುತ್ತ ಹೇಳಿದರು.

ಅವಳು ಕಣ್ಣೊರೆಸಿಕೊಂಡು, ಹಟ್ಟಿಯ ಬಲೆಯ ಗೂಟ ಕಿತ್ತಳು.

"ನಾಳಿ ರಾಯಿಕೋಡ್‌ಗೆ ಹೊಂಟೀವ್ರಿ. ಅಲ್ಲಿ ನಾವು ಇಳಿಯೂ ಹೊಲದಾಗ ಒಂದೂ ಜಾಲಿ ಗಿಡ ಇಲ್ಲ, ಬೀಜ ಸಿಗಂಗಿಲ್ಲ. ಆದ್ರೂ ಬರ್ತೀರೇನ್ರಿ?"

"ಬರ್ತೀನಿ," ಎಂದರು ಸರ್, ಇನ್ನೊಂದು ಗೂಟಕ್ಕೆ ಕೈ ಹಾಕಿ.